ಹಿಂಜು ಗಟ್ಟಿಯಾಗಿತ್ತು

ಗೆಳೆಯರೇ, ಇವತ್ತು ಬೆಳಿಗ್ಗೆ ಶಿವಾಜಿನಗರದ ನನ್ನ ಅಂಗಡಿಗೆ ಹಲಸೂರಿನ ವಸಂತಕ್ಕ ಬಂದರು. ಈಚೆಗೆ ನಾನೇ ಅವರಿಗೆ ಕೈಯಲ್ಲಿ ಹೊಲಿದುಕೊಟ್ಟಿದ್ದ ಚರ್ಮದ ಸೂಟ್‌ಕೇಸನ್ನು ಮೇಜಿನ ಮೇಲಿಟ್ಟರು. ಪೆಟ್ಟಿಗೆ ಒಂದು ಕಡೆ, ಮುಚ್ಚಳ ಇನ್ನೊಂದು ಕಡೆ.

ಮುಚ್ಚಳಕ್ಕೆ ಹೊದಿಸಿದ್ದು ತೀರಿಕೊಂಡ ಅವರಪ್ಪನ ಚರ್ಮದ ಕೋಟು. "ಬೀರುವಿನಲ್ಲಿಟ್ಟು ಏನ್ಮಾಡ್ಲಿ? ನನ್ ಜೊತೆ ಊರೂರು ಸುತ್ತಲಿ. ಗಟ್ಟಿಯಾಗಿ ಮಾಡ್ಕೊಡಿ" ಅಂದಿದ್ದರು. ಅದಕ್ಕೇ ನಾನು ಮುಚ್ಚಳ ತಿರುಗುವ ಕೀಲಿಗೆ ದಪ್ಪ ಹಿತ್ತಾಳೆಯ ಹಿಂಜು ಮಾಡಿ, ರಿವೆಟ್ ಹೊಡೆದು ಕೂರಿಸಿದ್ದೆ.

"ಹಿಂಜು ಮುರೀತಾ ಅಕ್ಕ?" ಎಂದು ಕೇಳಿದೆ.

"ಅದಕ್ಕೇನೂ ಆಗಿಲ್ಲ, ನೋಡಿ."

ನಿಜವಾಗಿಯೂ ಏನೂ ಆಗಿರಲಿಲ್ಲ. ರೈಲಿನಲ್ಲಿ ಯಾರೋ ಮುಚ್ಚಳ ಹಿಡಿದು ಜೋರಾಗಿ ಎಳೆದರಂತೆ. ಹಿಂಜು ಜಗ್ಗಲಿಲ್ಲ, ಕೋಟಿನ ಹಳೆಯ ಚರ್ಮ ರಿವೆಟ್ಟುಗಳ ಸಾಲಿನ ಉದ್ದಕ್ಕೂ ಹರಿದುಹೋಗಿದೆ. ಹಿತ್ತಾಳೆಯ ಬದಲು ಚರ್ಮದ ಪಟ್ಟಿಯನ್ನೇ ಮಡಿಸಿ ಹೊಲಿದಿದ್ದರೆ ಅದು ಎಳೆತಕ್ಕೆ ಸ್ವಲ್ಪ ಬಾಗುತ್ತಿತ್ತು, ಕೋಟು ಉಳಿಯುತ್ತಿತ್ತು. ಇದು ನನಗೆ ಹೊಳೆದದ್ದು ಇವತ್ತು.

"ಹೊಸ ಚರ್ಮ ಹಾಕ್ಕೊಡ್ತೀನಿ ಅಕ್ಕ" ಅಂದೆ.

"ಹೊಸ ಚರ್ಮದ್ದು ಎಲ್ ಬೇಕಾದ್ರೂ ಸಿಗುತ್ತೆ, ಬಿಡಿ" ಅಂದರು.

ಬೈಯಲಿಲ್ಲ. ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು, ಮುಚ್ಚಳವನ್ನು ಮಾತ್ರ ಎದೆಗವುಚಿಕೊಂಡು ಆಟೋ ಹತ್ತಿದರು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಸಂಜೆಯವರೆಗೂ ಬೇರೆ ಕೆಲಸಕ್ಕೆ ಕೈ ಹೋಗಲಿಲ್ಲ. ಯಾರಿಗಾದರೂ ನೂರು ವರ್ಷ ಬಾಳುವ ಹಿಂಜು ಬೇಕಿದ್ದರೆ ಬನ್ನಿ. ಅದರಷ್ಟೇ ಗಟ್ಟಿಯಾದ ಚರ್ಮವನ್ನು ಮಾತ್ರ ನೀವೇ ತರಬೇಕು.