ಎರಡು ಅರ್ಜಿ, ಒಂದು ಹೆಸರು

ಒಮ್ಮೆ ಬರೆದ ಕೋಡನ್ನು ಎರಡನೇ ಸಲ ಬರೆಯಬಾರದು ಎಂಬ ತತ್ತ್ವ ನನಗೆ ಬಹಳ ಬೇಗ ಒಗ್ಗಿತು. ಸೋಮಾರಿತನಕ್ಕೆ ಅಷ್ಟು ಮರ್ಯಾದೆಯ ಹೆಸರು ಬೇರೆಲ್ಲೂ ಸಿಕ್ಕಿರಲಿಲ್ಲ. ಎರಡು ಸಾವಿರದ ಐದಾರರ ಸುಮಾರಿಗೆ, ನಲವತ್ತು ದಾಟಿದ ಮೇಲೆ, ಪರ್ಲ್ ಭಾಷೆಯ ಒಂದು ದಪ್ಪ ಪುಸ್ತಕ ಇಟ್ಟುಕೊಂಡು ವೆಬ್‌ಸೈಟ್ ಮಾಡುವುದನ್ನು ಕಲಿತಿದ್ದೆ. ಕೆಲಸ ಚಿಕ್ಕಬಳ್ಳಾಪುರದ ಒಂದು ಖಾಸಗಿ ನರ್ಸಿಂಗ್ ಶಾಲೆಯ ಕಚೇರಿಯಲ್ಲಿ. ಅಲ್ಲಿಗೆ ಮಾಡಿದ ಅರ್ಜಿ ಪುಟವನ್ನು ನೋಡಿ ಚಿಂತಾಮಣಿಯ ಒಂದು ಹಾಸ್ಟೆಲಿನವರೂ ಶಿಡ್ಲಘಟ್ಟದ ಒಂದು ಹೊಲಿಗೆ ತರಬೇತಿ ಕೇಂದ್ರದವರೂ ತಮಗೂ ಬೇಕೆಂದರು. ಹೊಸದಾಗಿ ಏನೂ ಬರೆಯಲಿಲ್ಲ. ಅವೇ ತುಂಡುಗಳನ್ನು ಹೊತ್ತುಕೊಂಡು ಹೋಗಿ ಅಲ್ಲೂ ಜೋಡಿಸಿದೆ. ಮಾಡ್ಯೂಲ್ ಎಂದರೆ ಅಷ್ಟೇ.

ಅವುಗಳಲ್ಲಿ ಒಂದರ ಮೇಲೆ ನನಗೆ ವಿಶೇಷ ಮಮತೆ. ಬ್ರೌಸಿಂಗ್ ಸೆಂಟರಿನಲ್ಲಿ ಪುಟ ತಡವಾದರೆ ನಮ್ಮ ಜನ ಬಾಗಿಲು ತಟ್ಟಿದ ಹಾಗೆ ಗುಂಡಿಯನ್ನು ನಾಲ್ಕು ಸಲ ಒತ್ತುತ್ತಿದ್ದರು, ಒಂದು ಅರ್ಜಿ ನಾಲ್ಕಾಗುತ್ತಿತ್ತು. ಪಟ್ಟಿ ತಯಾರಿಸುವಾಗ ಹೆಚ್ಚಿನವನ್ನು ಕೈಬಿಡುವುದು ಈ ಮಾಡ್ಯೂಲಿನ ಕೆಲಸ. ಹೆಸರು, ಹುಟ್ಟಿದ ದಿನ, ಊರು, ಮೂರೂ ಒಂದಾದರೆ ಆಳೂ ಒಂದೇ. ತಂದೆಯ ಹೆಸರನ್ನು ಒಬ್ಬೊಬ್ಬರು ಒಂದೊಂದು ಸಲ ಒಂದೊಂದು ಥರ ಬರೆಯುತ್ತಿದ್ದುದರಿಂದ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಯಾರಾದರೂ ಫೆಬ್ರವರಿ ಮೂವತ್ತು ಅಂತ ಬರೆದರೆ? ವಯಸ್ಸಿನ ಜಾಗದಲ್ಲಿ ಮನೆ ನಂಬರ್ ಹಾಕಿದರೆ? ಇಂಥ ಚಿಂತೆಗಳಲ್ಲೇ ನನ್ನ ನಿದ್ದೆ ಹೋಗುತ್ತಿತ್ತು. ಚಿಂತಿಸಬೇಕಾದ್ದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಚಿಂತಿಸಿದ್ದೆ.

ಮರುವರ್ಷ ನಮ್ಮ ನರ್ಸಿಂಗ್ ಶಾಲೆಯ ಪ್ರವೇಶ ಸಂದರ್ಶನದ ದಿನ ಬೆಳಿಗ್ಗೆ ನಗರಗೆರೆ ಕಡೆಯಿಂದ ಒಬ್ಬ ಅಜ್ಜಿ ಇಬ್ಬರು ಮೊಮ್ಮಕ್ಕಳ ಜೊತೆ ಬಂದಿದ್ದರು. ದೊಡ್ಡ ಮಗನ ಮಗಳು, ಚಿಕ್ಕ ಮಗನ ಮಗಳು. ಗೌರಿಬಿದನೂರಿನಲ್ಲಿ ಒಟ್ಟಿಗೆ ಕೂತು ಅರ್ಜಿ ತುಂಬಿದವರು. ಇಬ್ಬರದೂ ಒಂದೇ ಹೆಸರು. ಬಾಗಿಲಲ್ಲಿ ಅಂಟಿಸಿದ್ದ ಪಟ್ಟಿಯಲ್ಲಿ ಆ ಹೆಸರು ಒಂದೇ ಸಲ ಇತ್ತು.

ನಮ್ಮ ಗುಮಾಸ್ತರಿಗೆ ಇದರಲ್ಲಿ ಸಮಸ್ಯೆಯೇ ಕಾಣಲಿಲ್ಲ. "ಪಟ್ಟೀಲಿ ಒಬ್ಬರೇ ಇರೋದು. ಯಾರಾದ್ರೂ ಒಬ್ಬರು ಹೋಗಿ ಕಣಮ್ಮ, ನಮ್ದೇನೂ ಅಭ್ಯಂತರ ಇಲ್ಲ."

"ನೀನೇ ಹೋಗೇ, ನಿಂದು ಮಾರ್ಕ್ಸ್ ಜಾಸ್ತಿ," ಎಂದಳು ದೊಡ್ಡವಳು.

"ಫಾರಂ ಮೊದಲು ತುಂಬಿದ್ದು ನೀನು. ಅದು ನಿನ್ ಹೆಸರೇ," ಎಂದಳು ಚಿಕ್ಕವಳು, ಪಟ್ಟಿಯಿಂದ ಕಣ್ಣು ತೆಗೆಯದೆ.

ಅಜ್ಜಿ ನನ್ನ ಕಡೆ ತಿರುಗಿದರು. "ನೀನೇ ಚೆಪ್ಪಮ್ಮ, ನೀನೇ ಹೇಳು. ಒಬ್ಬಳನ್ನ ಆರಿಸು ಅಂದ್ರೆ, ಊರಿಗೆ ಹೋಗಿ ನಾನು ಯಾವ ಮಗನ ಮನೇಲಿ ಊಟ ಮಾಡ್ಲಿ?"

ಒಂದು ಗಂಟೆಗೆ ಸಂದರ್ಶನ ಮುಗಿಯುತ್ತಿತ್ತು, ಸಂಜೆಗೆ ಆಯ್ಕೆ. "ಹುಟ್ಟಿದ ದಿನಾನೂ ಒಂದೇನಾ ಅಜ್ಜಿ?" ಎಂದು ಕೇಳಿದೆ.

"ಎಲ್ಲಿದು? ಇದು ಬ್ಯಾಸಿಗೇಲಿ, ಅದು ದೀಪಾವಳಿ ಹೊತ್ಗೆ. ಇಸ್ಕೂಲಿಗೆ ಒಂದೇ ದಿನ ಹಾಕಿದ್ವಿ. ಮೇಷ್ಟ್ರು ಒಂದು ತಾರೀಕು ಬರ್ಕೊಂಡು, ಇಬ್ಬರಿಗೂ ಇದೇ ಸಾಕು ಅಂದ್ರು. ಹೆಸರು ನಮ್ಮತ್ತೇದು. ದೊಡ್ಡೋನೂ ಅದೇ ಇಟ್ಟ, ಚಿಕ್ಕೋನೂ ಅದೇ ಇಟ್ಟ. ಬ್ಯಾಡ ಅಂದ್ರೆ ಯಾರು ಕೇಳ್ತಾರೆ?"

ನನ್ನ ಹುಟ್ಟಿದ ದಿನವನ್ನು ಕೊಟ್ಟದ್ದೂ ಒಬ್ಬ ಮೇಷ್ಟ್ರೇ. ನಮ್ಮ ತರಗತಿಯ ಅರ್ಧ ಜನ ಜೂನ್ ಒಂದಕ್ಕೆ ಹುಟ್ಟಿದವರು. ಅದನ್ನು ತಿಳಿದಿದ್ದೂ, ಹುಟ್ಟಿದ ದಿನದಿಂದ ಆಳನ್ನು ಗುರುತಿಸುತ್ತೇನೆಂದು ಹೊರಟಿದ್ದೆ.

ಮೂಲ ಕಡತ ತೆರೆದೆ. ಎರಡು ಅರ್ಜಿಗಳೂ ಇದ್ದವು, ತಂದೆಯ ಹೆಸರು ಬೇರೆ, ಅಂಕ ಬೇರೆ. ಮೊದಲು ಬಂದ ದೊಡ್ಡವಳದನ್ನು ಉಳಿಸಿಕೊಂಡು ಚಿಕ್ಕವಳದನ್ನು ನನ್ನ ಮಾಡ್ಯೂಲು ಬಿಟ್ಟುಬಿಟ್ಟಿತ್ತು. ಎರಡನ್ನೂ ಮುದ್ರಿಸಿದ ಕಾಗದ ಹಿಡಿದು ಪ್ರಾಂಶುಪಾಲರ ಕೋಣೆಗೆ ಹೋಗುವಾಗ ಎರಡು ಸಲ ನಿಂತೆ. ನಮ್ಮ ವೆಬ್‌ಸೈಟನ್ನು ಅವರು ಬಂದವರಿಗೆಲ್ಲ ತೋರಿಸುತ್ತಿದ್ದರು.

"ಪಟ್ಟಿ ಅಂಟಿಸಿ ಆಯ್ತಲ್ಲ," ಎಂದರು ಅವರು. "ಈಗ ತಿದ್ದಿದರೆ ನಾಳೆ ಇನ್ನೊಬ್ಬರು ಬರ್ತಾರೆ. ಕಂಪ್ಯೂಟರ್ ಬಿಟ್ಟಿದೆ ಅಂದ್ರೆ ನಾವೇನು ಮಾಡೋಕಾಗುತ್ತೆ?"

"ಕಂಪ್ಯೂಟರ್ ಬಿಟ್ಟಿಲ್ಲ ಸಾರ್. ನಾನು ಬಿಡು ಅಂತ ಬರೆದಿದ್ದಕ್ಕೆ ಬಿಟ್ಟಿದೆ."

ಅವರು ನನ್ನ ಕೈಯಲ್ಲಿದ್ದ ಕಾಗದವನ್ನು ತೆಗೆದುಕೊಂಡು ಓದಿದರು. ಆಮೇಲೆ ಪೆನ್ನು ಕೇಳಿದರು.

ಚಿಕ್ಕವಳ ಹೆಸರನ್ನು ಪಟ್ಟಿಯ ಕೊನೆಗೆ ಕೈಯಲ್ಲೇ ಬರೆದು ಸಹಿ ಹಾಕಿದರು. ಹನ್ನೆರಡೂ ಮುಕ್ಕಾಲಿಗೆ ಅವಳು ಒಳಗೆ ಹೋದಳು. ಸಂಜೆಯ ಆಯ್ಕೆ ಪಟ್ಟಿಯಲ್ಲಿ ಆ ಹೆಸರು ಮತ್ತೆ ಒಂದೇ ಸಲ ಇತ್ತು. ಈ ಸಲ ಪಕ್ಕದಲ್ಲಿ ಅರ್ಜಿ ಸಂಖ್ಯೆಯನ್ನೂ ಬರೆದಿದ್ದೆ. ಚಿಕ್ಕವಳದು.

ಇಬ್ಬರಿಗೂ ಸಿಕ್ಕಿದ್ದರೆ ನನಗೆ ಎಷ್ಟು ಹಗುರಾಗುತ್ತಿತ್ತು. ದೊಡ್ಡವಳ ಹತ್ತಿರ ಹೋಗಿ ಏನೋ ತೊದಲಿದೆ. "ಇರಲಿ ಬಿಡಿ ಮೇಡಂ," ಎಂದಳು. "ಅವಳು ಹೊರಗೆ ನಿಂತಿದ್ದು ನನಗೆ ಸಿಕ್ಕಿದ್ರೆ, ಮೂರು ವರ್ಷ ಅವಳ ಸೀಟಲ್ಲಿ ಕೂತಂಗೆ ಇರ್ತಿತ್ತು." ಅಜ್ಜಿ ಚಿಕ್ಕವಳ ಚೀಲವನ್ನೂ ದೊಡ್ಡವಳ ಕೈಗೇ ಕೊಟ್ಟು, ಗೌರಿಬಿದನೂರಿನ ಬಸ್ಸು ತಪ್ಪುತ್ತದೆಂದು ಅವಸರ ಮಾಡಿದರು.

ಅವರು ಹೋದ ಮೇಲೆ ಮಾಡ್ಯೂಲಿನಿಂದ ಕೈಬಿಡುವ ಸಾಲನ್ನು ತೆಗೆದುಹಾಕಿದೆ. ಇನ್ನು ಮುಂದೆ ಅದು ಅನುಮಾನ ಬಂದವರನ್ನು ತೋರಿಸುತ್ತದೆ, ನೋಡುವುದು ನನ್ನ ಕರ್ಮ. ಮಿಕ್ಕ ಎರಡು ಕಡೆಗೂ ಫೋನ್ ಮಾಡಿದೆ. ಚಿಂತಾಮಣಿಯವರು ಹಾಸ್ಟೆಲಿನ ಕೋಣೆಗಳು ಇನ್ನೂ ಖಾಲಿಯೇ ಇವೆ, ಬಂದವರನ್ನೆಲ್ಲ ಸೇರಿಸಿಕೊಂಡಿದ್ದೇವೆ ಎಂದರು. ಶಿಡ್ಲಘಟ್ಟದವರು ನನ್ನನ್ನೇ ಸಮಾಧಾನ ಮಾಡಿದರು. "ಯಾರೂ ಬಂದು ಕೇಳಿಲ್ವಲ್ಲ ಮೇಡಂ. ಅಂದ್ಮೇಲೆ ಎಲ್ಲಾ ಸರಿಯಾಗೇ ಇದೆ."

ಮಾರನೆಯ ದಿನ ರಜೆ ಹಾಕಿ ಶಿಡ್ಲಘಟ್ಟಕ್ಕೆ ಹೋದೆ. ಹಳೆಯ ಅರ್ಜಿಗಳ ಮೇಲೆ ಬೆರಳಿಟ್ಟುಕೊಂಡು ಮಧ್ಯಾಹ್ನದವರೆಗೆ ಓದಿದೆ. ಗುಂಡಿ ಒತ್ತಿದವರೇ ಎಲ್ಲ, ಒಂದು ಜೋಡಿಯನ್ನು ಬಿಟ್ಟು. ಮೇಲೂರಿನ ಇಬ್ಬರು, ತಂದೆಯರು ಬೇರೆ ಬೇರೆ. ತರಬೇತಿ ಮುಗಿದು ತಿಂಗಳುಗಳೇ ಆಗಿದ್ದವು. ಕೈಬಿಟ್ಟುಹೋದವಳ ವಿಳಾಸ ಬರೆದುಕೊಂಡು ಬಸ್ಸು ಹತ್ತಿದೆ. ಅಲ್ಲಿಂದ ಮೇಲೂರು ತೀರಾ ಹತ್ತಿರ. ಏನು ಹೇಳಬೇಕೆಂದು ಹೊಳೆಯುವ ಮೊದಲೇ ಕಂಡಕ್ಟರು ಇಳೀರಿ ಎಂದ.