ಅರ್ಜೆಂಟಿಲ್ಲದ ಹರ್ನಿಯಾ

ಮೊನ್ನೆ ಕಪಾಟಿನ ತಳದಲ್ಲಿ ಒಂದು ಮೆತ್ತನೆಯ ಟವೆಲ್ ಹುಡುಕುತ್ತಿದ್ದೆ. ಬರುವ ವಾರ ಠಾಣೆಯ ಕಣ್ಣಾಸ್ಪತ್ರೆಯಲ್ಲಿ ನನ್ನ ಬಲಗಣ್ಣಿನ ಪೊರೆ ತೆಗೆಯುವುದಿತ್ತು. ಅದಕ್ಕೆ ಈಗಲೇ ಬ್ಯಾಗ್ ತುಂಬಿಸುವ ಉತ್ಸಾಹ. ಟವೆಲ್ ಬದಲು ಕೈಗೆ ಬಂದದ್ದು ಅಗಲವಾದ ಒಂದು ಇಲಾಸ್ಟಿಕ್ ಪಟ್ಟಿ. ಕಣ್ಣಿಗೆ ಸರಿಯಾಗಿ ಕಾಣದ್ದರಿಂದ ಮೂಗಿನ ಬಳಿ ಹಿಡಿದೆ. ಇಂಗಿನ ವಾಸನೆ, ಇಂಗಿನ ಹಿಂದೆ ಎಲ್ಲೋ ಸ್ಯಾನಿಟೈಸರಿನ ವಾಸನೆ. ಹರ್ನಿಯಾ ಬೆಲ್ಟನ್ನು ಮೂಸಿ ನೋಡುವ ಹೆಂಗಸನ್ನು ನೀವು ಬೇರೆಲ್ಲೂ ಕಂಡಿರಲಾರಿರಿ. ಮಂಗಳೂರಿನ ಕಾನ್ವೆಂಟಿನಲ್ಲಿ ನಮಗೆ ಮ್ಯಾನರ್ಸ್ ಕಲಿಸಿದ ಸಿಸ್ಟರ್ ಕಂಡಿದ್ದರೆ ಶಿಲುಬೆಯ ಗುರುತು ಮಾಡಿಕೊಂಡು ಬಾಗಿಲು ಮುಚ್ಚುತ್ತಿದ್ದರು.

ಬೆಲ್ಟು ನಮ್ಮ ಯಜಮಾನರದು. ಕುಂದಾಪುರದ ಕಡೆಯವರು, ಡೊಂಬಿವಲಿ ಎಂಐಡಿಸಿಯ ಕಾರ್ಖಾನೆಗಳ ರಸ್ತೆಯಲ್ಲಿ ಒಂದು ಪುಟ್ಟ ಹೋಟೆಲು ಇಟ್ಟವರು. ಹೋಟೆಲಿನವರಿಗೆ ಒಂದು ಧರ್ಮ ಉಂಟು: ಗಿರಾಕಿಯ ಹತ್ತಿರ ನಮ್ಮ ಕಷ್ಟ ಹೇಳಬಾರದು. ಅಡುಗೆಮನೆಗೆ ಬೆಂಕಿ ಬಿದ್ದಿದ್ದರೂ ಗಲ್ಲಾಪೆಟ್ಟಿಗೆಯ ಮುಂದೆ ಕೂತವನು ನಕ್ಕು, "ಐದು ನಿಮಿಷ ಸಾಹೇಬ್, ದೋಸೆ ಬರ್ತದೆ" ಅನ್ನಬೇಕು. ಕಾನ್ವೆಂಟಿನ ಧರ್ಮವೂ ಹೆಚ್ಚುಕಡಿಮೆ ಅದೇ. ಲೇಡೀಸ್ ಡೋಂಟ್ ಕಂಪ್ಲೇನ್. ಇಂಥ ಇಬ್ಬರು ಮದುವೆಯಾದರೆ ಸಂಸಾರ ಎಷ್ಟು ಶಾಂತವಾಗಿರುತ್ತದೆ, ಎಷ್ಟು ಅಪಾಯಕಾರಿಯಾಗಿರುತ್ತದೆ, ಊಹಿಸಿ.

ಕೊರೊನಾ ಬಂದ ವರ್ಷ ಅವರ ತೊಡೆಸಂದಿಯಲ್ಲಿ ನಿಂಬೆಹಣ್ಣಿನಷ್ಟು ಗಂಟು ಎದ್ದಿತ್ತು. ಹತ್ತಿರದ ಆಸ್ಪತ್ರೆಯ ಸರ್ಜನ್, ನಮ್ಮ ಹಳೇ ಗಿರಾಕಿ, ಮುಟ್ಟಿ ನೋಡಿ ಆಪರೇಷನ್ನಿಗೆ ದಿನ ಗೊತ್ತುಮಾಡಿದರು. "ಭಾರ ಎತ್ತಬೇಡಿ ಕಾಕಾ, ಕರುಳು ಸಿಕ್ಕಿಕೊಂಡರೆ ಜೀವಕ್ಕೇ ಸಂಚಕಾರ" ಎಂದು ಎಚ್ಚರಿಸಿ ಈ ಬೆಲ್ಟು ಬರೆದುಕೊಟ್ಟರು. ಅಷ್ಟರಲ್ಲಿ ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ಆಸ್ಪತ್ರೆಯಿಂದ ಒಬ್ಬ ಹುಡುಗಿ ಫೋನ್ ಮಾಡಿದಳು.

"ಆಂಟಿ, ಅಂಕಲ್ ಕಾ ಆಪರೇಷನ್ ಅಭೀ ನಹೀ ಹೋಗಾ. ಇಲೆಕ್ಟಿವ್ ಹೈ ನಾ."

"ಆಫ್ ಕೋರ್ಸ್, ಡಿಯರ್" ಎಂದೆ ನಾನು. ಮ್ಯಾನರ್ಸ್!

ಆಪರೇಷನ್ ಈಗ ಆಗದಂತೆ. ಇಲೆಕ್ಟಿವ್ ಅಂದರೆ ಅರ್ಜೆಂಟಿಲ್ಲದ್ದು, ಮುಂದೆ ಹಾಕಬಹುದಾದದ್ದು. ಸರ್ಜರಿ ವಾರ್ಡು ಕೊರೊನಾ ವಾರ್ಡಾಗಿತ್ತು, ಅರಿವಳಿಕೆಯ ಡಾಕ್ಟರು ಐಸಿಯುವಿಗೆ ಹೋಗಿದ್ದರು, ನಮ್ಮ ಸರ್ಜನ್ ಚಾಕು ಬಿಟ್ಟು ಆಕ್ಸಿಜನ್ ಕಾಯುತ್ತಿದ್ದರು. ಯಾರನ್ನು ದೂರುವುದು? ಹರ್ನಿಯಾಕ್ಕೆ ಮಾತ್ರ ಈ ಸುತ್ತೋಲೆ ತಲುಪಿರಲಿಲ್ಲ. ಅದು ನಿಂಬೆಹಣ್ಣಿನಿಂದ ಮೂಸಂಬಿಯಾಗಿ ಬಡ್ತಿ ಪಡೆಯಿತು. ಈ ನಡುವೆ ಡಾಕ್ಟರುಗಳ ಗೌರವಕ್ಕೆಂದು ಬಾಲ್ಕನಿಯಲ್ಲಿ ನಿಂತು ತಟ್ಟೆ ಬಡಿಯಲು ಹೇಳಿದರು. ಬಡಿದೆವು. ಹೋಟೆಲಿನವರಿಗೆ ತಟ್ಟೆಗೆ ಬರವೆ?

ಆಮೇಲೆ ಆಸ್ಪತ್ರೆಯಿಂದ ಇನ್ನೊಂದು ಫೋನ್. ಕ್ಯಾಂಟೀನ್ ಮುಚ್ಚಿದೆ, ಸ್ಟಾಫಿಗೆ ಊಟ ಕಳಿಸಬಹುದೇ? ಹೋಟೆಲಿನ ಹುಡುಗರೆಲ್ಲ ಊರಿಗೆ ಹೋಗಿದ್ದರು, ಉಳಿದವರು ನಾವಿಬ್ಬರೇ. ಆದರೂ ಯಜಮಾನರು ಮೈಮೇಲೆ ದೇವರು ಬಂದವರಂತೆ ಎದ್ದರು. ನಾನು ತರಕಾರಿ ಹೆಚ್ಚುವುದು, ಅವರು ಕುದಿಸುವುದು. ಸೊಂಟಕ್ಕೆ ಬೆಲ್ಟು ಬಿಗಿದು ಸಾಂಬಾರಿನ ಪಾತ್ರೆಯನ್ನು ನಮ್ಮ ಹಳೆಯ ವ್ಯಾನಿಗೆ ಏರಿಸುವುದು. ನಾನು ಪಾತ್ರೆಯ ಒಂದು ಕಿವಿ ಹಿಡಿದರೆ, "ನಿಂಗೆ ಬೆನ್ನು ಹಿಡಿತದೆ, ಬಿಡು ಮಾರಾಯ್ತಿ" ಎಂದು ಕಿತ್ತುಕೊಳ್ಳುವುದು. ಹೀಗೆ, ಬೆಡ್ ಸಿಗದ ಆಸ್ಪತ್ರೆಗೆ ಅವರು ದಿನಾ ಹಿಂದಿನ ಗೇಟಿನಿಂದ ಹೋಗಿಬಂದರು.

ಭಾರ ಎತ್ತಬೇಡಿ ಎಂದಿದ್ದ ಸರ್ಜನ್ನೇ ಮಧ್ಯಾಹ್ನ ಫೋನ್ ಮಾಡುತ್ತಿದ್ದರು. "ಕಾಕಾ, ಸಾಂಬಾರ್ ಮಸ್ತ್ ಹೋತಾ! ಉದ್ಯಾ ಥೋಡಾ ಜಾಸ್ತ ಪಾಠವಾ." ನಾಳೆ ಇನ್ನಷ್ಟು ಕಳಿಸಿ ಅಂತ. ಇವರು "ಹೋ ಹೋ ಸಾಹೇಬ್" ಎಂದು ಬೆಳಗುವ ಮುಖದಲ್ಲಿ ಫೋನ್ ಇಡುತ್ತಿದ್ದರು.

"ಹೋಯ್, ನಿಮ್ಮ ಗಂಟಿನ ವಿಷಯ ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ?"

"ಊಟ ಕೊಟ್ಟು ಆಪರೇಷನ್ ಕೇಳುದಾ? ಅದು ಲಂಚ ಆಯ್ತಲ್ಲ ಮಾರಾಯ್ತಿ. ಅಲ್ಲಿ ಜನ ಉಸಿರು ಸಿಗದೆ ಸಾಯ್ತಾ ಇದ್ದಾರೆ, ನಂದು ಎಂತದು, ಒಂದು ಗಂಟು."

"ಹಾಗಾದ್ರೆ ನಾನು ಹೇಳ್ತೇನೆ."

"ನೀನು ಇಂಗ್ಲಿಷಿನಲ್ಲಿ ಹೇಳಿದ್ರೆ ಅದು ಸಾರಿ ಕೇಳಿದ ಹಾಗೆ ಇರ್ತದೆ, ಬಿಡು."

ನಿಜವೇ. ನಾನೂ ಹೇಳಲಿಲ್ಲ.

ಒಂದು ಮಧ್ಯಾಹ್ನ ಆ ಹಿಂದಿನ ಗೇಟಿನಲ್ಲಿ ಪಾತ್ರೆ ಇಳಿಸುತ್ತಿದ್ದವರು ಹಾಗೆಯೇ ನೆಲಕ್ಕೆ ಕೂತರು. ಮುಖ ಬೂದಿ. ಗಂಟು ಕಲ್ಲಾಗಿತ್ತು, ವಾಂತಿ ನಿಲ್ಲಲಿಲ್ಲ. ಅಂದು ವ್ಯಾನಿನಲ್ಲಿ ಜೊತೆಗೆ ಬಂದಿದ್ದ ನಾನು ಗೇಟು ಬಡಿದೆ. ಗಗನಯಾತ್ರಿಯ ವೇಷದ ಒಬ್ಬರು ಓಡಿಬಂದರು. ದನಿ ಕೇಳಿದ ಮೇಲೆಯೇ ನಮ್ಮ ಸರ್ಜನ್ ಎಂದು ಗೊತ್ತಾದದ್ದು. "ಕಾಕಾ, ಆಧೀ ಸಾಂಗಾಯಚಂ ನಾ!" ಮೊದಲೇ ಹೇಳಬಾರದಿತ್ತೇ ಎಂದು ಅವರು ಅತ್ತಂತೆ ಕೂಗಿದರು. ನಮ್ಮವರು ಹಲ್ಲು ಕಚ್ಚಿಕೊಂಡೇ, ಸಾಂಬಾರು ಬಿಸಿಯಿದೆ, ಮೊದಲು ಒಳಗೆ ತಗೊಳ್ಳಿ ಎಂದರು.

ತಗೊಂಡರು. ಸಾಂಬಾರನ್ನೂ, ಅವರನ್ನೂ. ಕಾದು ಕಾದು ಸಿಗದ ಆಪರೇಷನ್ ಥಿಯೇಟರು ಅರ್ಧ ಗಂಟೆಯಲ್ಲಿ ಸಿಕ್ಕಿತು, ಯಾಕೆಂದರೆ ಅವರು ಈಗ ಸಾಯಲು ಅರ್ಹತೆ ಪಡೆದಿದ್ದರು. ನನಗೆ ಒಳಗೆ ಪ್ರವೇಶವಿಲ್ಲ. ವ್ಯಾನಿನಲ್ಲಿ ಅವರ ಸೀಟಿನ ಮೇಲೆ ಕೈಯಿಟ್ಟು ಕೂತೆ. ಯಾರೋ ನರ್ಸು ಬೆಲ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಸ್ಯಾನಿಟೈಸರ್ ಸಿಂಪಡಿಸಿ, ಗೇಟಿನ ಸಂದಿಯಿಂದ ಕೊಟ್ಟಳು. ಅದನ್ನು ಮಡಿಲಲ್ಲಿಟ್ಟುಕೊಂಡು, ಲೇಡೀಸ್ ಡೋಂಟ್ ಕಂಪ್ಲೇನ್ ಎಂದವರಿಗೆಲ್ಲ ಶುದ್ಧ ಕನ್ನಡದಲ್ಲಿ ಬೈದೆ.

ಬದುಕಿದರು. ಕೊಳೆತ ಕರುಳಿನ ತುಂಡೊಂದನ್ನು ಮಾತ್ರ ಆಸ್ಪತ್ರೆಗೇ ಬಿಟ್ಟುಬಂದರು. ಊರಿಗೆಲ್ಲ ಗೋಳಿಬಜೆ ತಿನ್ನಿಸಿದ ಮನುಷ್ಯ, ಈಗ ಎರಡು ತಿಂದರೆ ರಾತ್ರಿಯಿಡೀ ಹೊಟ್ಟೆ ಹಿಡಿದು ಕೂತಿರುತ್ತಾರೆ. ಮುಂದೆ ಹಾಕಬಹುದಾಗಿದ್ದ ಆಪರೇಷನ್ನಿನ ಬಾಕಿ ಅದು.

ಬೆಲ್ಟು ಕೈಯಲ್ಲಿರುವಾಗಲೇ ಫೋನ್ ಹೊಡೆದುಕೊಂಡಿತು. ಕಣ್ಣಾಸ್ಪತ್ರೆ.

"ಆಂಟಿ, ಡಾಕ್ಟರ್ ಛುಟ್ಟೀ ಪೇ ಜಾ ರಹೇ ಹೈ. ನೆಕ್ಸ್ಟ್ ಮಂತ್ ಚಲೇಗಾ ನಾ? ಅರ್ಜೆಂಟ್ ತೋ ನಹೀ ಹೈ."

ಡಾಕ್ಟರಿಗೆ ರಜೆ, ಮುಂದಿನ ತಿಂಗಳಿಗೆ ಹಾಕಬಹುದೇ ಅಂತ. "ಆಫ್ ಕೋರ್ಸ್" ತುದಿ ನಾಲಗೆಗೆ ಬಂದಿತ್ತು. ಇಂಗಿನ ವಾಸನೆ ಮೂಗಿಗೆ ಬಡಿಯಿತು.

"ನಹೀ ಚಲೇಗಾ" ಎಂದೆ. "ಬೇರೆ ಡಾಕ್ಟರನ್ನು ಹುಡುಕಿ. ನಾನು ಅದೇ ದಿನ ಬರುತ್ತೇನೆ" ಎಂದು ನನ್ನ ಹರಕು ಹಿಂದಿಯಲ್ಲೇ ಸೇರಿಸಿದೆ. ಪ್ಲೀಸ್ ಅನ್ನಲಿಲ್ಲ.

ಫೋನಿನಲ್ಲಿದ್ದ ಹುಡುಗಿ "ಠೀಕ್ ಹೈ ಆಂಟಿ" ಎಂದಳು. ಅಷ್ಟು ಸುಲಭ.

ಪಡಸಾಲೆಯಿಂದ ಯಜಮಾನರ ದನಿ ಬಂತು. "ಎಂತ ಮಾರಾಯ್ತಿ, ಯಾರಿಗೆ ಅಷ್ಟು ಜೋರು ಮಾಡಿದ್ದು?"

"ಗಿರಾಕಿ ಅಲ್ಲ, ಹೆದರಬೇಡಿ" ಎಂದು ಬೆಲ್ಟನ್ನು ಬ್ಯಾಗಿನೊಳಗೆ, ಟವೆಲಿನ ಜಾಗದಲ್ಲಿ ಇಟ್ಟೆ.