ಕೆಂಪು ಮೊಳೆಗೆ ಹೋಗದ ಮೂಲೆಮಟ್ಟ

ಆರ್.ಟಿ. ನಗರದ ಫರ್ಹೀನ್‌ಗೆ ಯಲಹಂಕದಾಚೆಯ ಕಾರ್ಖಾನೆಯಲ್ಲಿ ಒಳ್ಳೆಯ ಹೆಸರಿದೆ. ಅವಳು ನೋಡಿ ಕಳಿಸಿದ ಬಿಡಿಭಾಗವನ್ನು ಯಾರೂ ಮತ್ತೆ ಅಳೆಯುವುದಿಲ್ಲ. ಹೊಗಳಿದರೆ ಮಾತ್ರ ಅವಳ ಮುಖ ಸಣ್ಣಗಾಗುತ್ತದೆ. ವಿನಯ ಎಂದುಕೊಳ್ಳುತ್ತಾರೆ ಜನ. ವಿನಯವೂ ಅಲ್ಲ, ಮಣ್ಣಂಗಟ್ಟಿಯೂ ಅಲ್ಲ. ಆರು ವರ್ಷದ ಹಳೆಯ ನಾಚಿಕೆ.

ಚಿಕ್ಕಬಾಣಾವರದ ಹತ್ತಿರದ ಒಂದು ಐಟಿಐನಲ್ಲಿ ಅವಳು ಫಿಟ್ಟರ್ ಕೆಲಸ ಕಲಿಯುತ್ತಿದ್ದಾಗ ಅಲ್ಲೊಂದು ವಿದ್ಯಾರ್ಥಿ ಸಂಘವಿತ್ತು. ಹಾಡು ಕುಣಿತದ ಸಂಘವಲ್ಲ. ಹೊತ್ತಿಗೆ ಸರಿಯಾಗಿ ಬರುವುದು, ಸಾಮಾನು ಒರೆಸಿಡುವುದು, ಮಾಡಿದ ತಪ್ಪನ್ನು ಬಾಯಿಬಿಟ್ಟು ಹೇಳುವುದು, ಇಂಥದ್ದನ್ನು ರೂಢಿ ಮಾಡಿಸುವ ಸಂಘ. ಫರ್ಹೀನ್ ಅದರ ಕಾರ್ಯದರ್ಶಿ. ಸಾಮಾನು ತೂಗುಹಾಕುವ ಹಲಗೆಯ ತುದಿಗೆ ಕೆಂಪು ಬಣ್ಣ ಬಳಿದ ಮೊಳೆ ಹೊಡೆಸಿದವಳೂ ಅವಳೇ. ಅಳತೆಯ ಸಾಮಾನು ಬಿದ್ದರೆ ಕಣ್ಣಿಗೆ ಕಾಣದಷ್ಟು ಡೊಂಕಾಗಬಹುದು. ಹಾಗಾಗಿ ಕೈಜಾರಿ ಬಿದ್ದದ್ದನ್ನು ಆ ಮೊಳೆಗೆ ಹಾಕಬೇಕು, ಕೆಲಸ ಕಲಿಸುವ ಸರ್ ಪರೀಕ್ಷಿಸುವ ತನಕ ಯಾರೂ ಮುಟ್ಟಬಾರದು. ದಂಡವಿಲ್ಲ, ಬೈಗುಳವಿಲ್ಲ.

"ಬೀಳಿಸಿ ಸುಮ್ನೆ ತೂಗಾಕೋರು ಕೆಲಸಗಾರರೇ ಅಲ್ಲ ಕಣ್ರೋ!" ಎಂದು ಸಭೆಯಲ್ಲಿ ಮೇಜು ಗುದ್ದಿ ಹೇಳಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದ್ದರು.

ಸಂಘದ ಕೌಶಲ ಸ್ಪರ್ಧೆಯ ಹಿಂದಿನ ದಿನ ಅವಳ ಕೈಯಿಂದಲೇ ಮೂಲೆಮಟ್ಟ ಸಿಮೆಂಟು ನೆಲಕ್ಕೆ ಬಿತ್ತು. ಕಬ್ಬಿಣದ ತುಂಡಿನ ಮೂಲೆ ನೆಟ್ಟಗಿದೆಯೇ ಎಂದು ನೋಡುವ ಸಾಮಾನು ಅದು. ಸುತ್ತ ಯಾರೂ ಇರಲಿಲ್ಲ. ಕೆಂಪು ಮೊಳೆಯ ಕಡೆ ಎರಡು ಹೆಜ್ಜೆ ಹಾಕಿದಳು, ಸುಳ್ಳಲ್ಲ, ಹಾಕಿದಳು. ಆಗ ಮೇಜು ಗುದ್ದಿದ್ದು ನೆನಪಾಯಿತು. ಎಲ್ಲರಿಗಿಂತ ಮೊದಲು ಕಾರ್ಯದರ್ಶಿಯೇ ಬೀಳಿಸಿದಳು ಅಂದರೆ ಮರ್ಯಾದೆ ಏನಾದೀತು? ಕಣ್ಣಿಗೆ ಡೊಂಕೇನೂ ಕಾಣಲಿಲ್ಲ. ಒರೆಸಿ, ಮಾಮೂಲಿ ಮೊಳೆಗೇ ಹಾಕಿ ಬಸ್ಸು ಹತ್ತಿದಳು.

ಮಾರನೆಯ ದಿನ ಸ್ಪರ್ಧೆಯಲ್ಲಿ ಆ ಮಟ್ಟ ಸಿಕ್ಕಿದ್ದು ಪಕ್ಕದ ಬೆಂಚಿನ ಗೆಳತಿ ಪದ್ಮಶ್ರೀಗೆ. ಗದಗ ಕಡೆಯ ಹುಡುಗಿ. ಅವಳು ಉಜ್ಜುವ ಅರ ಹಿಡಿದರೆ ಕಬ್ಬಿಣ ಹೇಳಿದ ಮಾತು ಕೇಳುತ್ತಿತ್ತು. ಗೆದ್ದವರಿಗೆ ಯಲಹಂಕದಾಚೆಯ ಆ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಸೀಟು, ಇದ್ದದ್ದು ಒಂದೇ ಒಂದು. ಧಾರವಾಡದ ವಿರೂಪಾಕ್ಷ ಸರ್ ತಮ್ಮ ಮಟ್ಟ ಇಟ್ಟು ನೋಡಿದರೆ ಪದ್ಮಶ್ರೀ ಉಜ್ಜಿದ ತುಂಡಿನ ಮೂಲೆಯಲ್ಲಿ ಬೆಳಕು ಇಣುಕುತ್ತಿತ್ತು, ಮೂಲೆ ನೆಟ್ಟಗಿರಲಿಲ್ಲ.

"ನಾ ಬರೋಬ್ಬರಿ ನೋಡೇನ್ರಿ ಸರ್. ಈ ಮಟ್ಟನ ಒಮ್ಮೆ ನೋಡ್ರಿ" ಎಂದಳು ಪದ್ಮಶ್ರೀ.

ಸರ್ ಕೆಂಪು ಮೊಳೆಯ ಕಡೆ ತಿರುಗಿದರು. ಖಾಲಿ ಇತ್ತು. "ಫರ್ಹೀನ್, ಏನಾರ ಬಿದ್ದಿತ್ತೇನವಾ?"

"ಇಲ್ಲ ಸರ್."

ಸಂಘದ ಮಾತಿನ ಮೇಲೆ ಅವರಿಗೆ ಅಷ್ಟು ನಂಬಿಕೆ. ಮಟ್ಟವನ್ನು ಕೈಗೂ ತೆಗೆದುಕೊಳ್ಳಲಿಲ್ಲ. "ಕೈ ಇನ್ನಾ ಕುಂತಿಲ್ಲ ಬಿಡವಾ ನಿಂದು" ಎಂದು ಪದ್ಮಶ್ರೀಗೆ ಹೇಳಿ ಮುಂದೆ ಹೋದರು. ಸೀಟು ಫರ್ಹೀನ್‌ಗೆ ಸಿಕ್ಕಿತು. ವಾರ ಕಳೆದ ಮೇಲೆ ಅವಳು ಕಳ್ಳಿಯ ಹಾಗೆ ಆ ಮಟ್ಟವನ್ನು ಕೆಂಪು ಮೊಳೆಗೆ ದಾಟಿಸಿದಳು. ಯಾರೂ ಏನೂ ಕೇಳಲಿಲ್ಲ.

ಈ ವರ್ಷ ಸಂಘದವರು ಹಳೆಯ ವಿದ್ಯಾರ್ಥಿಗಳನ್ನೆಲ್ಲ ಸೇರಿಸಿ, ಮಾತಾಡಲು ಫರ್ಹೀನ್‌ಳನ್ನೇ ಕರೆದರು. ವಿಷಯ ಬೇರೆ 'ಕೆಲಸದಲ್ಲಿ ನಿಷ್ಠೆ'! ಬಾಗಿಲಲ್ಲೇ ಪದ್ಮಶ್ರೀ ಸಿಕ್ಕಿ ತಬ್ಬಿಕೊಂಡಳು. ವಿದ್ಯಾರಣ್ಯಪುರದ ಸೀರೆ ಅಂಗಡಿಯಲ್ಲಿ ಕೆಲಸವಂತೆ.

"ಫಿಟ್ಟರ್ ಕೆಲಸ ಯಾಕೆ ಬಿಟ್ಟೆ?" ಎಂದು ಕೇಳಿದಳು ಫರ್ಹೀನ್. ಕೇಳಬಾರದಿತ್ತು.

"ನನ್ನ ಕೈ ಸರಿ ಇಲ್ಲಲ್ಲ. ಸರ್ ಹೇಳಿದ್ರು, ನಂಗೂ ಗೊತ್ತಾತು" ಎಂದು ನಕ್ಕಳು ಪದ್ಮಶ್ರೀ.

ಫರ್ಹೀನ್ ವೇದಿಕೆ ಹತ್ತಿದಾಗ ಬರೆದು ತಂದಿದ್ದ ಭಾಷಣ ಚೀಲದಲ್ಲೇ ಉಳಿಯಿತು. ಮಟ್ಟ ಬಿದ್ದದ್ದು, ತೂಗುಹಾಕಿದ್ದು, ಇಲ್ಲ ಸರ್ ಎಂದದ್ದು, ಅಷ್ಟನ್ನೂ ಹೇಳಿದಳು. ವಿರೂಪಾಕ್ಷ ಸರ್ ತಲೆ ತಗ್ಗಿಸಿದರು. ಹಿಂದಿನಿಂದ ಯಾರೋ ಚಪ್ಪಾಳೆ ಶುರುಮಾಡಿದರು, ಎಂಥ ಧೈರ್ಯ ಅಂತ. ಅವಳಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಕೆಳಗಿಳಿದಾಗ ಪದ್ಮಶ್ರೀ ಕೂತಲ್ಲೇ ಇದ್ದಳು. ಬೈಯಲಿಲ್ಲ, ಅಳಲಿಲ್ಲ. ತೊಡೆಯ ಮೇಲೆ ಎರಡೂ ಅಂಗೈ ಬಿಚ್ಚಿಟ್ಟುಕೊಂಡು ನೋಡುತ್ತಿದ್ದಳು.

"ಆರು ವರ್ಷ ನಾ ಈ ಕೈನ ಬೈಕೊಂತ ಬಂದೆನಲ್ಲ, ಫರ್ಹೀನ್" ಎಂದಳು.